ಹಾಡಿನೊಳಗಿನ ಬಾಗಿಲು

ಸಾಲ್ಸಾ ಸಂಗೀತದ ಜ್ಞಾನದಲ್ಲಿ ತನ್ನನ್ನು ಮೀರಿಸುವವರು ಈ ಬೀದಿಯಲ್ಲಂತೂ ಇಲ್ಲ ಎಂದು ಬಡಗಿ ತೀರ್ಮಾನಿಸಿಬಿಟ್ಟಿದ್ದ. ಅವನ ವಿದ್ಯಾಪೀಠವೆಂದರೆ ಒಂದು ಸಿನಿಮಾ, ಅದರಲ್ಲೂ ಒಂದೇ ದೃಶ್ಯ. ಹಳೆಯ ಸಾಲ್ಸಾ ಹಾಡು ಮೊಳಗುತ್ತಿರುವಾಗ ನಾಯಕ ಓಡಿಬಂದು ಕಾರು ಹತ್ತುತ್ತಾನೆ. ಟ್ರಂಪೆಟ್‌ಗಳು ಗಕ್ಕನೆ ನಿಂತ ಚಿಟಿಕೆಯಷ್ಟು ಮೌನದಲ್ಲಿ ಧಡಾರನೆ ಬಾಗಿಲು ಹಾಕುತ್ತಾನೆ. ಬಡಗಿ ಅದನ್ನೇ ಫೋನಿನಲ್ಲಿ ಮತ್ತೆ ಮತ್ತೆ ಕೇಳುತ್ತ ಹಲಗೆ ಹೆರೆಯುತ್ತಿದ್ದ.

ಒಂದು ಸಂಜೆ ಆ ಧಾಟಿಯನ್ನು ಗುನುಗುತ್ತ ಮನೆಗೆ ಬಂದ. "ಊಟ ಆಯ್ತಾ" ಬಿಟ್ಟು ಅಳಿಯನೊಡನೆ ಇನ್ನೊಂದು ಮಾತಾಡದ ಮಾವ ಪತ್ರಿಕೆ ಕೆಳಗಿಟ್ಟರು.

"ಇದು ನಿಮಗೆ ಹೇಗೆ ಗೊತ್ತು?"

"ಸಾಲ್ಸಾ ಅಲ್ವಾ ಮಾವ? ಪೂರ್ತಿ ಬಾಯಿಪಾಠ."

ಮಾವ ಒಳಗಿನಿಂದ ಒಂದು ಹಳೆಯ ರೆಕಾರ್ಡನ್ನು ಹಸುಗೂಸಿನಂತೆ ಎತ್ತಿ ತಂದರು. ಅಳಿಯನೇ ಮಾಡಿದ ಬೀರುವಿನ ಮೇಲೆ ಪ್ಲೇಯರ್ ಇತ್ತು.

"ನನಗೂ ಮುಟ್ಟೋಕೆ ಬಿಡಲ್ಲ ಅದನ್ನ," ಹೆಂಡತಿ ಪಿಸುಗುಟ್ಟಿದಳು. "ಬಾಯಿ ಮುಚ್ಕೊಂಡು ಕೇಳಿ."

ಬಾಯಿ ಮುಚ್ಚಿಯೇ ಇತ್ತು. ಕೈ ಸುಮ್ಮನಿರಲಿಲ್ಲ. ಟ್ರಂಪೆಟ್ ಏರಿತು, ನಿಂತಿತು. ಬಾಗಿಲಿನ ಸದ್ದೇ ಇಲ್ಲ. ಮತ್ತೆ ಏರಿತು. ಈ ಸಲ ಹಾಡಿನ ಮಾನ ಕಾಪಾಡಲು ಬಡಗಿ ಬೀರುವಿನ ಬಾಗಿಲನ್ನೇ ಧಡಾರನೆ ಹಾಕಿದ. ಪ್ಲೇಯರಿನ ಮುಳ್ಳು ಹಾರಿ, ರೆಕಾರ್ಡಿನ ಮೇಲೆ ಸರ್ರನೆ ಗೀರಿತು.

"ಏನ್ರೀ ಇದು?" ಹೆಂಡತಿ ಚೀರಿದಳು.

"ಬಾಗಿಲು ಹಾಡಲ್ಲೇ ಇದೆಯಲ್ಲ... ಸಿನಿಮಾದಲ್ಲಿ..."

"ಹಾಗಾದ್ರೆ ಹೀರೋನ ಅಟ್ಟಿಸ್ಕೊಂಡು ಬರೋ ಪೊಲೀಸರನ್ನೂ ಕರೀರಿ, ಕೋರಸ್ ಹಾಡ್ಲಿ."

ಮಾವ ರೆಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ ಒಳಗೆ ಹೋದರು. ಇನ್ನು "ಊಟ ಆಯ್ತಾ" ಕೂಡ ಕೈಬಿಟ್ಟುಹೋದ ಹಾಗೆಯೇ ಎಂದುಕೊಂಡ ಬಡಗಿ.

ಮರುಸಂಜೆ ಮನೆಯಲ್ಲಿ ಅದೇ ಹಾಡು. ಗೀರಿಗೆ ಸಿಕ್ಕಿದ ಮುಳ್ಳು ಟ್ರಂಪೆಟ್ ನಿಂತಲ್ಲೇ ಕುಂಟುತ್ತಿತ್ತು. ಮಗಳು ಅಡುಗೆಮನೆಯಲ್ಲಿರುವುದನ್ನು ಖಚಿತಪಡಿಸಿಕೊಂಡು ಮಾವ ದನಿ ತಗ್ಗಿಸಿದರು.

"ನನಗೂ ಇದು ಸಿಕ್ಕಿದ್ದು ಸಿನಿಮಾದಿಂದಾನೇ, ಅಳಿಯಂದ್ರೇ. ನಮ್ಮ ಕಾಲದ್ದು. ಅದರಲ್ಲಿ ಇದೇ ಜಾಗದಲ್ಲಿ ನಾಯಕಿ ಕೆಮ್ತಾಳೆ. ರೆಕಾರ್ಡಲ್ಲಿ ಕೆಮ್ಮೇ ಇಲ್ಲ, ಬೇರೆ ಕೊಡಿ ಅಂತ ಅಂಗಡೀಲಿ ಜಗಳ ಆಡಿದ್ದೆ."

ಬಡಗಿಯ ಕಣ್ಣು ತುಂಬಿ ಬಂತು. ಹೆಸರೂ ಗೊತ್ತಿಲ್ಲದ ಆ ಇಬ್ಬರು ನಿರ್ದೇಶಕರಿಗೆ ಮನಸ್ಸಿನಲ್ಲೇ ಕೈಮುಗಿದ.

"ನೋಡ್ತಾ ನಿಂತ್ರೆ ಹೇಗೆ? ನಿಮ್ಮ ಬಾಗಿಲಿಲ್ಲದೆ ಇದು ಮುಂದಕ್ಕೆ ಹೋಗಲ್ಲ."

ಬಡಗಿ ಬಾಗಿಲು ಹಾಕಿದ. ಮುಳ್ಳು ಗೀರು ದಾಟಿತು, ಹಾಡು ಹೊರಟಿತು. ಮುಂದಿನ ಮೌನ ಬಂದಾಗ ಮಾವ, ಅಳಿಯನಿಗಿಂತ ಚೊಕ್ಕವಾಗಿ, ತಾಳ ತಪ್ಪದೆ ಕೆಮ್ಮಿದರು.