ನೀರು ಇಳಿಯುತ್ತೋ, ಇಲ್ವೋ?

ಮೂಡಿಗೆರೆಯಲ್ಲಿ ಛತ್ರಿ, ಟಾರ್ಪಾಲು, ರೈನ್‌ಕೋಟು ಮಾರುವವನಿಗೆ ಗಿರಾಕಿಗಳು ಕೇಳುವುದು ಒಂದೇ ಪ್ರಶ್ನೆ: "ನೀರು ಇಳಿಯಲ್ಲ ತಾನೇ?" ನಾನು ಹೇಳುವುದೂ ಒಂದೇ ಉತ್ತರ: "ಒಂದು ಹನಿಯೂ ಇಳಿಯಲ್ಲ." ಇಷ್ಟು ಮಳೆಗಾಲ ಅದನ್ನೇ ಹೇಳುತ್ತ ಬಂದವನು ಆಗಾಗ ನಗೆಪಾಟಲಾಗದೆ ಇರುವುದುಂಟೇ? ಆದರೆ ತೊಂಬತ್ತರ ದಶಕದ ಕೊನೆಯ ಒಂದು ಜೂನ್‌ನಲ್ಲಿ ಆದಷ್ಟು ಮತ್ತೆಂದೂ ಆಗಿಲ್ಲ.

೧. ಕಂಬಳಿ

ಅಂಗಡಿ ಎದುರಿನ ಶಾಲೆಯ ಟೀಚರ್ ಬಂದರು. "ಸಾಹುಕಾರ್ರೇ, ನೀರು ಇಳಿಯೋ ವಸ್ತು, ಇಳಿಯದ ವಸ್ತು ಅಂತ ಪಾಠ ಇದೆ. ಚೂರುಪಾರು ಇದ್ರೆ ಕೊಡಿ."

ಮಕ್ಕಳ ಅಪ್ಪಂದಿರು ಛತ್ರಿಗೆ ನನ್ನಲ್ಲಿಗೇ ಬಂದಾರು ಎಂದುಕೊಂಡು ಗೋಣಿ, ಟಾರ್ಪಾಲು, ಕಂಬಳಿ ಒಂದೊಂದು ತುಂಡು ಕೊಟ್ಟೆ. ನೋಡಲು ನಾನೂ ಹೋದೆ.

ಗೋಣಿಯಲ್ಲಿ ನೀರು ಇಳಿಯಿತು, ಟಾರ್ಪಾಲಿನಲ್ಲಿ ನಿಂತಿತು. ಕಂಬಳಿಯ ಸರದಿ ಬಂದಾಗ ಟೀಚರ್, "ಇದು ನೇಯ್ದದ್ದು, ಇಳಿಯುತ್ತೆ" ಎಂದರು.

ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಿಂದ ಬರುವ ಹುಡುಗಿಯೊಬ್ಬಳು ಎದ್ದಳು. "ಇಳಿಯಲ್ಲ ಟೀಚರ್. ನಮ್ಮಮ್ಮ ಕಂಬಳಿಕೊಪ್ಪೆ ತಲೆ ಮೇಲೆ ಹಾಕ್ಕೊಂಡೇ ತೋಟಕ್ಕೆ ಹೋಗೋದು."

ನೀರು ಹಾಕಿದರು. ಹನಿಗಳು ಉಣ್ಣೆಯ ಮೇಲೆ ಉರುಳಾಡಿದವೇ ಹೊರತು ಕೆಳಗೆ ಬರಲಿಲ್ಲ. ಐದು ನಿಮಿಷವಾಯಿತು.

"ಸಂಜೆ ಹೊತ್ತಿಗಾದ್ರೂ ಇಳಿದೇ ಇಳಿಯುತ್ತೆ" ಎಂದರು ಟೀಚರ್.

"ಅಷ್ಟೊತ್ತಿಗೆ ಅಮ್ಮ ಮನೆಗೆ ಬಂದಿರ್ತಾಳೆ, ಟೀಚರ್."

೨. ಹೆಂಚು

ನೀರು ಇಳಿಯುವ ಒಂದು, ಇಳಿಯದ ಒಂದು ವಸ್ತು ಮನೆಯಿಂದ ತನ್ನಿ ಎಂದು ಟೀಚರ್ ಹೇಳಿ ಕಳಿಸಿದ್ದರು. ಮರುದಿನ ಬೆಳಿಗ್ಗೆ ಅಜ್ಜ ಒಬ್ಬರು ನೆನೆದು ತೊಪ್ಪೆಯಾಗಿ ಅಂಗಡಿಗೆ ಬಂದು ಟಾರ್ಪಾಲು ಕೇಳಿದರು.

"ಹೆಂಚು ಒಡೀತಾ ಅಜ್ಜ?"

"ಒಡೀಲಿಲ್ಲ ಮಾರಾಯ, ಶಾಲೆಗೆ ಹೋಗಿದೆ!"

ಅವರನ್ನು ಕರೆದುಕೊಂಡು ಶಾಲೆಗೆ ಹೋದೆ. ಮೊಮ್ಮಗ ಹೆಂಚು ಹಿಡಿದು ನಿಂತಿದ್ದ. ಎರಡು ವಸ್ತು ತರಲು ಹೇಳಿದರೆ ಒಂದೇ ತಂದಿದ್ದೀಯಲ್ಲ ಎಂದು ಟೀಚರ್ ಗದರುತ್ತಿದ್ದರು.

"ನೀರು ಇಳಿಯದ್ದು ಇದು ಟೀಚರ್. ಇಳಿಯೋದು ಇದನ್ನ ತೆಗೆದ ಜಾಗ. ಅದನ್ನ ಹೊತ್ತು ತರೋಕಾಗಲ್ವಲ್ಲ."

೩. ರೈನ್‌ಕೋಟು

ಅದೇ ವಾರ ಆ ಲೈನ್‌ಮನೆ ಹುಡುಗಿಯ ತಾಯಿ ದುಡಿಯುವ ಎಸ್ಟೇಟಿನಿಂದ, ಹಾಜರಿ ಬರೆಯುವ ರೈಟರ್ ಬಂದರು. ಆ ವರ್ಷ ಕೆಲಸದವರಿಗೆಲ್ಲ ರೈನ್‌ಕೋಟು ಕೊಡಬೇಕೆಂದು ಧಣಿಗಳು ಹೇಳಿದ್ದರಂತೆ, ಅರವತ್ತು ಬೇಕು. ನನ್ನಲ್ಲಿ ಹಗುರ ಮಾಲಿನ ಕೋಟುಗಳ ಒಂದು ಕಟ್ಟು ಮಾರಾಟವಾಗದೆ ಗೋಡೆಗೊರಗಿ ಕೂತಿತ್ತು. ಅದನ್ನೇ ಬಿಚ್ಚಿ, "ಒಂದು ಹನಿಯೂ ಇಳಿಯಲ್ಲ" ಎಂದೆ.

ಪಾಠಕ್ಕೆ ಕೊಟ್ಟಿದ್ದ ಚೂರುಗಳನ್ನು ಹಿಂದಿರುಗಿಸಲು ಹುಡುಗಿ ಅಷ್ಟರಲ್ಲೇ ಬಂದಳು.

"ಇದು ಅಮ್ಮಂಗೂ ಸಿಗುತ್ತಾ?"

"ಎಲ್ರಿಗೂ."

"ನೀರು ಹಾಕಿ ನೋಡ್ಲಾ?"

ರೈಟರ್ ಎದುರಿಗೆ ಬೇಡ ಎನ್ನುವುದು ಹೇಗೆ? "ಧಾರಾಳವಾಗಿ ನೋಡು ಮಗಾ" ಎಂದೆ.

ಕೋಟಿನ ಹೆಗಲನ್ನು ಗುಳಿ ಮಾಡಿ ಹಿಡಿದು ಚೊಂಬಿನ ನೀರು ಸುರಿದಳು. ನೀರು ನಿಂತಿತು. ನಾನು ಬೀಗುವಷ್ಟರಲ್ಲಿ ಹೊಲಿಗೆಯ ಸಾಲಿನಿಂದ ತೊಟತೊಟ ರೈಟರ್ ಕಾಲ ಮೇಲೇ ಬಿತ್ತು.

"ಬಟ್ಟೇಲಿ ಇಳಿದಿಲ್ಲ ರೈಟ್ರೇ, ಹೊಲಿಗೇಲಿ ಇಳಿದದ್ದು. ನಾನು ಹೇಳಿದ್ದು ಬಟ್ಟೆ ವಿಷಯ."

ರೈಟರ್ ತಲೆದೂಗುವುದರಲ್ಲಿದ್ದರು. ಹುಡುಗಿ ಕೇಳಿದಳು: "ಹಾಗಾದ್ರೆ ಅಮ್ಮ ಹೊಲಿಗೆ ಬಿಚ್ಚಿ ಮನೇಲಿಟ್ಟು ಹೋಗ್ಬೇಕಾ?"

ರೈಟರ್ ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಅರವತ್ತು ಜನ ದಿನವಿಡೀ ಮಳೆಯಲ್ಲಿ ಬಗ್ಗಿ ಕಳೆ ತೆಗೆಯುವಾಗ, ಅವರ ಬೆನ್ನಿಗೆ ಸೋರುವುದು ನನ್ನ ಮಾತು. ಅಂಥ ಮಾತು ಒಂದು ಮಳೆಗಾಲಕ್ಕೆ ಮಾತ್ರ ಮಾರಾಟವಾಗುತ್ತದೆ. ಕೋಟಿನ ಕಟ್ಟನ್ನು ಒಳಗೆ ತಳ್ಳಿ ದಪ್ಪ ಪ್ಲಾಸ್ಟಿಕ್ಕಿನ ರೋಲು ಹೊರಗೆಳೆದೆ. ಆಳುದ್ದ ಕತ್ತರಿಸಿ ಕೊಪ್ಪೆಯ ಹಾಗೆ ಮಡಚಿದರೆ ಒಂದು ಹೊಲಿಗೆಯೂ ಬೇಡ. ರೈಟರ್ ಒಪ್ಪಿದರು.

ಹುಡುಗಿ ಮತ್ತೆ ಚೊಂಬು ತುಂಬಿಕೊಂಡಳು.

"ಏನೇ, ಇನ್ನೂ ನನ್ನ ಮೇಲೆ ನಂಬಿಕೆ ಇಲ್ವಾ?"

"ಇದೆ ಸಾಹುಕಾರ್ರೇ. ನೀರು ಹಾಕಿದ್ಮೇಲೆ ಇನ್ನೂ ಜಾಸ್ತಿ ಆಗುತ್ತೆ."