ನಮ್ಮವರ ತೋಳು, ನನ್ನ ಗೋಳು

ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ. ಒಂದು ದಿನ ಯಾವಳೋ ಹುಡುಗಿ ಬಂದು ನನ್ನ ಗಂಡ ಶ್ರೀಶೈಲ ಅವರಿಗೆ, "ಅಜ್ಜಾರ, ಕೆಂಪು ಸೆರಗಿನ ಸೀರಿ ತೋರಸ್ರಿ" ಅಂದುಬಿಟ್ಟಳು. ಮರುದಿನವೇ ನಮ್ಮವರು ಜಿಮ್ಮು ಸೇರಿದರು.

ನೋಡನೋಡುತ್ತ ತೋಳು ಊದಿದವು. ಜೊತೆಗೆ ಸಿಟ್ಟೂ ಊದಿತು. ಮೀಸೆ ನರೆಯುವ ವಯಸ್ಸಿನಲ್ಲಿ ಮುಖದ ತುಂಬ ಮೊಡವೆ! (ನಮ್ಮ ಮದುವೆಯ ಫೋಟೋದಲ್ಲೂ ಇಷ್ಟು ಇರಲಿಲ್ಲ.)

ಬಟ್ಟೆ ಮಡಚಿಡುವಾಗ ಅವರ ಕಪಾಟಿನಲ್ಲಿ ಸೂಜಿ, ಸಣ್ಣ ಬಾಟಲಿಗಳು ಸಿಕ್ಕವು. ಸಕ್ಕರೆ ಕಾಯಿಲೆ! ನನ್ನಿಂದ ಮುಚ್ಚಿಟ್ಟು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರೆ! ಕೇಳಿದರೆ ನೊಂದುಕೊಂಡಾರೆಂದು ಕೇಳಲಿಲ್ಲ. ಕೆರೂರಿನ ಅತ್ತೆ ಸಂಗವ್ವನಿಗೆ ಮಾತ್ರ ಗುಟ್ಟಾಗಿ ಫೋನ್ ಮಾಡಿದೆ. (ಅಂದರೆ ಇಡೀ ಕೆರೂರಿಗೆ.)

"ಚಹಾಕ್ಕ ಸಕ್ಕರಿ ಯಾಕ ಹಾಕಿಲ್ಲ?"

"ನಿಮ್ಮ ಚಲೋದಕ್ಕರಿ."

ಅಮೀನಗಡದ ಕರದಂಟು, ಶೇಂಗಾ ಹೋಳಿಗೆ ಅವರ ಕಣ್ಣಿಗೆ ಬೀಳಬಾರದಲ್ಲ? ಎಲ್ಲವನ್ನೂ ನನ್ನ ಉದರದಲ್ಲಿ ಬಚ್ಚಿಟ್ಟೆ. ತಿಂಗಳುಗಟ್ಟಲೆ ನಡೆಯಿತು ಈ ಮಹಾತ್ಯಾಗ.

ಕಡೆಗೊಂದು ದಿನ ಅವರು ಅಂಗಡಿಯಲ್ಲೇ ತಲೆ ತಿರುಗಿ ಬಿದ್ದರು. ದವಾಖಾನೆಗೆ ಕರೆದೊಯ್ದು, ಆ ಬಾಟಲಿಗಳನ್ನು ಡಾಕ್ಟರ್ ನಜಮಾ ಅವರ ಮುಂದಿಟ್ಟು, ಸಕ್ಕರೆ ಕಾಯಿಲೆಯೆಂದು ಗೋಳಾಡಿದೆ.

"ಇವರಿಗೆ ಸಕ್ಕರಿ ಇಲ್ಲರಿ ಅಕ್ಕಾರ. ಇವು ಸ್ಟಿರಾಯ್ಡ್. ಬಿಪಿ ನೋಡ್ರಿ, ಎಲ್ಲಿಗೆ ಹೋಗೇತಿ!" ಎಂದ ಡಾಕ್ಟರು ನಮ್ಮವರತ್ತ ತಿರುಗಿದರು. "ಗಂಡಸ್ತನ ಹೆಚ್ಚಾಗ್ಲಿ ಅಂತ ಇದನ್ನ ಚುಚ್ಚಿಕೊಂಡ್ರ, ಇದ್ದದ್ದೂ ಕುಗ್ಗತೈತ್ರಿ. ಎದಿ ಹೆಂಗಸರಂಗ ಬೆಳೀತೈತಿ."

ನಮ್ಮವರು ಗಡಬಡಿಸಿ ಎರಡೂ ಕೈಗಳಿಂದ ಎದೆ ಮುಚ್ಚಿಕೊಂಡರು.

"ಜಿಮ್ಮಿನ್ಯಾಗ ಎಲ್ಲಾರೂ ತಗೋತಾರ ಅಂದ್ರು... ನೇತ್ರಾ, ಆ ಹುಡುಗಿ ನನಗ ಅಜ್ಜಾರ ಅಂದ್ಲು." ಅಷ್ಟು ದಪ್ಪ ತೋಳಿನ ಮನುಷ್ಯನ ದನಿ ಸಣ್ಣ ಮಗುವಿನಂತಿತ್ತು.

ಕೈ ಹಿಡಿದುಕೊಂಡೆ. "ಖರೆ ಖರೆ ಅಜ್ಜ ಆಗೂತನಾ ಬದುಕಿರ್ರಿ, ನನಗ ಅಷ್ಟ ಸಾಕು."

ಇನ್ನು ಆ ಸೂಜಿ ಮುಟ್ಟುವುದಿಲ್ಲ ಎಂದು ಅಲ್ಲೇ ಆಣೆ ಮಾಡಿದರು. ಎದ್ದು ಹೊರಡಬೇಕು, ಅಷ್ಟರಲ್ಲಿ ಡಾಕ್ಟರು, "ಬಂದೇ ಬಂದೀರಿ, ನಿಮ್ಮದೂ ನೋಡೂಣು" ಎಂದು ನನ್ನ ಬೆರಳಿಗೆ ಚುಚ್ಚಿದರು. ಯಂತ್ರ ನೋಡಿ ಹುಬ್ಬೇರಿಸಿದರು.

"ಅಕ್ಕಾರ, ಸಕ್ಕರಿ ಇರೂದು ನಿಮಗ!"

ಆಗಲೇ ಅತ್ತೆಯ ಫೋನು. "ನನ್ನ ಮಗನ ಸಕ್ಕರಿ ಹೆಂಗೈತಿ?"

ನಮ್ಮವರು ಫೋನು ಕಸಿದುಕೊಂಡರು. "ನನಗ ಪೂರಾ ಇಲ್ಲ ಬೇ. ನಿನ್ನ ಸೊಸಿ ತನ್ನ ಮೈಮ್ಯಾಲ ತಗೊಂಡಾಳ."

ಆ ಕಡೆ ಗಳಗಳ ಅಳು. "ಗಂಡನ ಜಡ್ಡು ತಾ ತಗೊಂಡ್ಲಾ! ಇಂಥಾ ಪತಿವ್ರತಾ ಎಲ್ಲಿ ಸಿಗತಾಳೋ ಯಪ್ಪಾ!"

ಮರುದಿನ ಅತ್ತೆ ಕೆರೂರಿನ ಹೊಸ ಸೊಸೆಯಂದಿರನ್ನು ಬಸ್ಸು ಹತ್ತಿಸಿಕೊಂಡು ಬಂದು, ಒಬ್ಬೊಬ್ಬರನ್ನಾಗಿ ನನ್ನ ಕಾಲಿಗೆ ಬೀಳಿಸಿದರು. ಯಾವ ಬಾಯಿಂದ ನಿಜ ಹೇಳಲಿ? ಸುಮ್ಮನೆ ಆಶೀರ್ವಾದ ಮಾಡಿದೆ.