ಉಪವಾಸದ ಸಾಲ್ಮನ್ ಮತ್ತು ನನ್ನ ಬಾಯಿ

ನನಗೆ ಬಹಳ ವಿಷಯಗಳು ಗೊತ್ತಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಲೋಕದಲ್ಲಿ ಎಲ್ಲರ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ನನ್ನ ತೊಂದರೆ ಬೇರೆ. ಗೊತ್ತಿಲ್ಲದ ವಿಷಯವನ್ನು ಯಾರಾದರೂ ನನ್ನೆದುರು ಎತ್ತಿದರೆ ಸಾಕು, ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ ತಾನಾಗಿ ತೆರೆದುಕೊಳ್ಳುತ್ತದೆ. ಪಕ್ಕದ ಮನೆಯವರ ಎ.ಸಿ. ಯಾಕೆ ಸೋರುತ್ತದೆ, ಧೂಳಿನ ಗಾಳಿ ನಾಳೆಗೆ ನಿಲ್ಲುತ್ತದೋ ಇಲ್ಲವೋ, ಯಾರದೋ ಮಗಳು ಯಾವ ಕಾಲೇಜಿಗೆ ಹೋಗಬೇಕು, ಎಲ್ಲಕ್ಕೂ ನನ್ನಲ್ಲಿ ಉತ್ತರ ಉಂಟು. ಒಮ್ಮೆ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಯೋಚಿಸುತ್ತಾ ನಿಂತಿದ್ದಾಗ ಅವರಿಗೂ ಸಲಹೆ ಕೊಟ್ಟಿದ್ದೇನೆ. ಅವರು ತಾಳ್ಮೆಯವರು, ಎಕ್ಸ್‌ರೇಯನ್ನು ಇನ್ನೊಂದು ಕಡೆ ತಿರುಗಿಸಿ ನೋಡಿದರು.

ನನ್ನ ಹೆಂಡತಿ ಜೆಸಿಂತಾಳಿಗೆ ಅಷ್ಟು ತಾಳ್ಮೆ ಇಲ್ಲ. ಈ ವರ್ಷ ಬೂದಿ ಬುಧವಾರದ ಪೂಜೆ ಮುಗಿಸಿ, ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತುಕೊಂಡು, ನಾವು ದುಡಿಯುವ ಕೊಲ್ಲಿ ದೇಶದ ಅಬು ಹಮೂರಿನ ಇಗರ್ಜಿಯಿಂದ ಕಾರನ್ನು ಹೊರಗೆ ತೆಗೆಯಲು ಒದ್ದಾಡುತ್ತಿದ್ದಾಗ ನಾನು ಭಕ್ತಿಯಿಂದ ಹೇಳಿದೆ, ಈಸ್ಟರ್‌ವರೆಗೆ ಮಾಂಸ ಮುಟ್ಟುವುದಿಲ್ಲ ಎಂದು. ಅವಳು ಕಿಟಕಿಯ ಹೊರಗೆ ನೋಡುತ್ತಲೇ ಅಂದಳು: "ಮಾಂಸ ಬಿಡುವುದು ಎಂತ ದೊಡ್ಡ ಸಂಗತಿ? ನಿಮಗೆ ಮೀನು ಉಂಟಲ್ಲ. ಬಿಡುವುದಾದರೆ ಅಭಿಪ್ರಾಯ ಬಿಡಿ. ಯಾರು ಎಂತ ಕೇಳಿದರೂ 'ನನಗೆ ಗೊತ್ತಿಲ್ಲ' ಅನ್ನಿ. ದೇವರಿಗೂ ಸಂತೋಷ, ನಮಗೂ ಸ್ವಲ್ಪ ಆರಾಮ." ನಮ್ಮದು ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಇಂಗ್ಲಿಷ್, ಎರಡನ್ನೂ ಊರಿನ ಶಾಲೆಯಲ್ಲಿ ಕಲಿತ ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ. ಕೊಂಕಣಿಯಲ್ಲಿ ಅದು ಇನ್ನೂ ಸ್ವಲ್ಪ ಖಾರವಾಗಿತ್ತು. ಹಣೆಯ ಮೇಲೆ ಬೂದಿ ಇರುವಾಗ ಜಗಳ ಆಡುವುದು ಸರಿಯಲ್ಲವೆಂದು ಒಪ್ಪಿಕೊಂಡೆ.

ಆಗ ಮನೆಯಲ್ಲಿ ಇನ್ನೊಂದು ವಿಷಯವೂ ನಡೆಯುತ್ತಿತ್ತು. ಜೆಸಿಂತಾಳ ತಂಗಿಯ ಮದುವೆ ನಿಶ್ಚಯವಾಗಿತ್ತು. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ತಪಸ್ಸಿನ ಕಾಲದಲ್ಲಿ ನಮ್ಮಲ್ಲಿ ಮದುವೆ ಇಲ್ಲ; ಈಸ್ಟರ್ ಕಳೆದದ್ದೇ ತಡ, ಊರಿನ ಹಾಲ್‌ಗಳಲ್ಲಿ ಜಾಗ ಸಿಗುವುದಿಲ್ಲ. ಇವಳದ್ದೂ ಈಸ್ಟರ್ ಕಳೆದ ಮರು ಭಾನುವಾರ, ಅದರ ಹಿಂದಿನ ಶನಿವಾರ ಸಂಜೆ ರೋಸ್. ರೋಸ್ ಎಂದರೆ ಮದುವೆಯ ಹಿಂದಿನ ದಿನ ಮದುಮಗಳನ್ನು ಕೂರಿಸಿ ತಲೆಗೆ, ಕೈಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಮಾವ ಬಹಳ ಹಿಂದೆಯೇ ತೀರಿಕೊಂಡದ್ದರಿಂದ ದೊಡ್ಡ ಬಾವನಾದ ನಾನೇ ಮೊದಲು ಹಾಲು ಹಚ್ಚಬೇಕೆಂದು ಹುಡುಗಿ ಫೋನಿನಲ್ಲಿ ಹೇಳಿದ್ದಳು. ಹೇಳುವಾಗ ಅವಳ ಧ್ವನಿ ಸ್ವಲ್ಪ ಕಟ್ಟಿಕೊಂಡಿತ್ತು. ನಾನು ಶನಿವಾರದಿಂದ ರಜೆ ಕೇಳಿದೆ. ನಮ್ಮ ಆಫೀಸಿನಲ್ಲಿ ರಜೆಯೆಂದರೆ ಇಬ್ಬರು ಸಾಹೇಬರು ತಮ್ಮ ತಮ್ಮ ಫೋನಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಬೇಕು. ಒಬ್ಬರು ಒತ್ತಿ ಇನ್ನೊಬ್ಬರು ಒತ್ತದಿದ್ದರೆ ಮಾಫಿ, ಎಂದರೆ ಇಲ್ಲಿನ ಅರಬಿಯಲ್ಲಿ 'ಇಲ್ಲವೇ ಇಲ್ಲ'.

ಆ ಇಬ್ಬರಲ್ಲಿ ಡಂಕನ್ ಸ್ಕಾಟ್ಲೆಂಡಿನವರು, ವೇಯ್ನ್ ಕೆನಡಾದ ಪಶ್ಚಿಮ ಕರಾವಳಿಯವರು. ಇದೇ ನಗರದ ವೆಸ್ಟ್ ಬೇಯ ಎತ್ತರದ ಕಟ್ಟಡವೊಂದರಲ್ಲಿ ಎದುರುಬದುರು ಗಾಜಿನ ಕೋಣೆಗಳಲ್ಲಿ ಕೂರುತ್ತಾರೆ. ನಾನು ಅವರಿಬ್ಬರ ನಡುವೆ ಡ್ರಾಯಿಂಗ್‌ಗಳ ಕಟ್ಟು ಸಾಗಿಸುವವನು. ಇಬ್ಬರಿಗೂ ಗಾಳ ಹಾಕುವ ಹುಚ್ಚು. ಅದೂ ಸಾಲ್ಮನ್ ಮೀನಿಗೆ. ಒಂದು ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ನಾನು ಬುತ್ತಿ ಬಿಸಿ ಮಾಡಿ, ಬಂಗುಡೆ ಗಸಿಯ ಪರಿಮಳ ಇಡೀ ಮಹಡಿಗೆ ಹಬ್ಬಿದ್ದಾಗ, ಅವರಿಬ್ಬರೂ ಕಾಫಿ ಹಿಡಿದುಕೊಂಡು ಒಳಗೆ ಬಂದರು. ವಾದ ಆಗಲೇ ಕಾವೇರಿತ್ತು.

ವಾದ ಇಷ್ಟೇ. ಸಾಲ್ಮನ್ ಸಮುದ್ರದಲ್ಲಿ ದೊಡ್ಡದಾಗಿ, ಮೊಟ್ಟೆಯಿಡಲು ಸಿಹಿನೀರಿನ ನದಿಗೆ ಹತ್ತಿಬರುತ್ತದೆ. ನದಿಗೆ ಬಂದಮೇಲೆ ಅದು ಏನೂ ತಿನ್ನುವುದಿಲ್ಲ, ಪೂರ್ತಿ ಉಪವಾಸ. ಇಲ್ಲಿಯವರೆಗೆ ಇಬ್ಬರೂ ಒಂದೇ ಪಕ್ಷ. ಆದರೂ ಅದು ನೊಣಕ್ಕೆ ಬಾಯಿ ಹಾಕುತ್ತದೆಂದು ಡಂಕನ್ ಹೇಳುತ್ತಾರೆ. ನೊಣವೆಂದರೆ ನಿಜವಾದ ನೊಣವೂ ಅಲ್ಲ, ಗಾಳದ ಕೊಕ್ಕೆಗೆ ಹಕ್ಕಿಯ ಗರಿ, ಬಣ್ಣದ ದಾರ ಸುತ್ತಿ ಮಾಡಿದ ಒಂದು ಅಲಂಕಾರ. ಡಂಕನ್ ಅದನ್ನು ಜೇಬಿನ ಪುಟ್ಟ ಡಬ್ಬಿಯಿಂದ ತೆಗೆದು ತೋರಿಸಿದರು. ನಮ್ಮೂರಿನ ಮದುವೆ ಮನೆಯ ಹೆಂಗಸರ ಕಿವಿಯಲ್ಲಿ ಇಂಥದನ್ನು ನೋಡಿದ್ದೇನೆ. ವೇಯ್ನ್ ತಲೆ ಅಲ್ಲಾಡಿಸಿದರು. "ನಿಮ್ಮ ಕಡೆ ಏನೋ ಗೊತ್ತಿಲ್ಲ. ನಮ್ಮ ಕಡೆ ಸಾಲ್ಮನ್ ನದಿಗೆ ಬಂತೆಂದರೆ ಖಲಾಸ್. ಎದುರಿಗೆ ಏನು ಕುಣಿಸಿದರೂ ತಿರುಗಿ ನೋಡುವುದಿಲ್ಲ." ಡಂಕನ್ ಹೇಳಿದರು, ಹಾಗಾದರೆ ಗಾಳ ಹಾಕುವವನಿಗೆ ಕೈ ಪಳಗಿಲ್ಲ ಎಂದರ್ಥ ಎಂದು. ವೇಯ್ನ್ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. "ನೀನು ಮೀನಿನ ಕರಾವಳಿಯವನು. ನೀನೇನು ಹೇಳುತ್ತೀ?"

ಓದುಗರೇ, ಮೀನಿನ ಬಗ್ಗೆ ನನ್ನ ಜ್ಞಾನವೆಲ್ಲ ಅದು ಸತ್ತ ಮೇಲಿನದು. ಕಿವಿರು ಎತ್ತಿ ಕೆಂಪು ನೋಡುವುದು, ಹೊಟ್ಟೆ ಒತ್ತಿ ಗಟ್ಟಿಯೋ ಮೆತ್ತಗೋ ತಿಳಿಯುವುದು, ಕಣ್ಣು ಮಬ್ಬಾಗಿದ್ದರೆ ಮುಖ ಸಿಂಡರಿಸಿ ಮುಂದಿನ ಬುಟ್ಟಿಗೆ ಹೋಗುವುದು. ಜೀವಂತ ಮೀನು ಏನು ಯೋಚಿಸುತ್ತದೆಂದು ನಮ್ಮ ಮನೆತನದಲ್ಲಿ ಯಾರೂ ವಿಚಾರಿಸಿದವರಲ್ಲ. ಸಾಲ್ಮನ್ ಅನ್ನಂತೂ ಸೂಪರ್‌ಮಾರ್ಕೆಟ್ಟಿನ ಮಂಜುಗಡ್ಡೆಯ ಮೇಲೆ ಕಿತ್ತಳೆ ಬಣ್ಣದ ಹಲಗೆಯ ರೂಪದಲ್ಲಿ ಮಾತ್ರ ಕಂಡವನು ನಾನು. 'ನನಗೆ ಗೊತ್ತಿಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಪ್ರಶ್ನೆ ಎದುರಿಗೇ ತೇಲುತ್ತಿತ್ತು. "ಖಂಡಿತ ಕಚ್ಚುತ್ತದೆ," ಅಂದೆ, "ನಮ್ಮಲ್ಲಿಯೂ ಹಾಗೇ." ನಮ್ಮಲ್ಲಿ ಎಂದರೆ ಎಲ್ಲಿ, ಯಾವ ನದಿ, ಯಾವ ಮೀನು, ಒಂದೂ ನನಗೆ ಗೊತ್ತಿರಲಿಲ್ಲ.

ಡಂಕನ್ ಖುಷಿಯಾಗಿ ಹೋದರು, ಸಂಜೆಯೊಳಗೆ ಗುಂಡಿ ಒತ್ತಿದರು. ವೇಯ್ನ್ ಒತ್ತಲಿಲ್ಲ. ಮರುದಿನ ಅವರ ಕೋಣೆಗೆ ಹೋಗಿ, ಡಂಕನ್ ಸಾಹೇಬರ ನದಿಯಲ್ಲಿ ಅವರದು ಸರಿ, ನಿಮ್ಮ ನದಿಯಲ್ಲಿ ನಿಮ್ಮದು ಸರಿ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಆದರೂ ಉಪವಾಸ ಇದ್ದ ಮೀನು ಗರಿಗೆ ಯಾಕೆ ಬಾಯಿ ಹಾಕುತ್ತದೆ ಸರ್, ಅದಕ್ಕೆ ಬುದ್ಧಿ ಇಲ್ಲವೇ?" ಎಂದು ಒಂದು ಬಾಲವನ್ನೂ ಸೇರಿಸಿದೆ. ಗಾಜಿನ ಕೋಣೆಯ ಮಾತು ಹೊರಗೆ ಕೇಳಿಸುವುದಿಲ್ಲ ಎಂಬುದು ನನ್ನ ಇನ್ನೊಂದು ಅಭಿಪ್ರಾಯವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಡಂಕನ್ ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆದಿದ್ದರು.

ನನ್ನ ತಲೆ ಪೂರ್ತಿ ಕೆಟ್ಟುಹೋಯಿತು. ರಜೆಯ ಚಿಂತೆ ಒಂದು ಕಡೆ, ಆ ಮೀನು ಇನ್ನೊಂದು ಕಡೆ. ಹಸಿವಿಲ್ಲ, ಎದುರಿಗಿರುವುದು ತಿನ್ನುವ ವಸ್ತುವೂ ಅಲ್ಲ, ಮತ್ತೆ ಕಚ್ಚುವುದು ಏತಕ್ಕೆ? ಮಹಡಿಯ ಮೇಲಿನ ಮನೆಯ ಸದಾಶಿವಣ್ಣ ಉಡುಪಿ ಕಡೆಯವರು, ಟಯರ್ ಅಂಗಡಿ ಇಟ್ಟವರು. ಅವರನ್ನು ಕೇಳಿದೆ. ಅವರು "ಆ ಮೀನನ್ನು ಒಮ್ಮೆ ಸುಕ್ಕ ಮಾಡಿ ನೋಡಿದ್ದೆವು ಮಾರಾಯ್ರೆ. ಮಸಾಲೆ ಹಿಡಿಯುವುದೇ ಇಲ್ಲ. ಅದರ ಬುದ್ಧಿಯ ವಿಷಯ ಬಿಡಿ," ಅಂದರು. ಅದರಿಂದ ನನ್ನ ಗೊಂದಲಕ್ಕೆ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಜೆಸಿಂತಾಳನ್ನು ಕೇಳಿದರೆ ಅವಳು ಮದುವೆಯ ಸೀರೆ ಮಡಚುತ್ತಾ, "ಹಸಿವಿಗೆ ಅಲ್ಲದಿರಬಹುದು. ಸುಮ್ಮನೆ ಅಭ್ಯಾಸ ಬಲ. ಅದಿರಲಿ, ಆಫೀಸಿನಲ್ಲಿ ನೀವು ಗೊತ್ತಿಲ್ಲ ಅಂತಲೇ ಹೇಳುತ್ತಿದ್ದೀರಲ್ಲ?" ಎಂದಳು. ನಾನು ಸೀರೆಯ ಬಣ್ಣ ಚೆನ್ನಾಗಿದೆ ಎಂದೆ.

ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬಂತು. ಸಾಹೇಬರಿಬ್ಬರೂ ಮಾತು ಬಿಟ್ಟು ಬರೀ ಇ-ಮೇಲ್‌ನಲ್ಲಿ ಇದ್ದರು. ಜೆಸಿಂತಾ ಮಕ್ಕಳನ್ನು ಕರೆದುಕೊಂಡು ಮೊದಲೇ ಹೊರಡುವುದೆಂದಾಗಿತ್ತು. ನನ್ನ ರಜೆಯೊಂದು ಮಾತ್ರ ತೂಗಾಡುತ್ತಿತ್ತು. ಬುಧವಾರ ಇಬ್ಬರೂ ಒಟ್ಟಿಗೆ ಕರೆದರು. ಸಮುದ್ರ ಕಾಣುವ ಮೀಟಿಂಗ್ ಕೋಣೆ, ಮೇಜಿನ ಮೇಲೆ ಇಬ್ಬರ ಫೋನು, ನಡುವೆ ಆ ಗರಿಯ ನೊಣ. ಡಂಕನ್ ಗಂಭೀರವಾಗಿ ಕೇಳಿದರು: "ನನಗೊಂದು ಹೇಳಿದ್ದೀ, ವೇಯ್ನ್‌ಗೆ ಇನ್ನೊಂದು. ಈಗ ಇಬ್ಬರ ಎದುರು ಹೇಳು. ಸಿಹಿನೀರಿನಲ್ಲಿ ಸಾಲ್ಮನ್ ನೊಣಕ್ಕೆ ಬಾಯಿ ಹಾಕುತ್ತದೋ, ಇಲ್ಲವೋ?"

ನಾನು ಕಣ್ಣು ಮುಚ್ಚಿಕೊಂಡೆ. ತೆಂಗಿನ ಹಾಲಿನ ಬಟ್ಟಲು ಕಂಡಿತು, ಕಾಯುತ್ತಾ ಕೂತ ಹುಡುಗಿ ಕಂಡಳು. ಜೀವಮಾನದಲ್ಲಿ ಮೊದಲ ಬಾರಿಗೆ ಬಾಯಿಯನ್ನು ನನ್ನ ಹಿಡಿತಕ್ಕೆ ತಂದುಕೊಂಡು, "ಸರ್, ನನಗೆ ಗೊತ್ತಿಲ್ಲ. ನಾನು ಜೀವಂತ ಸಾಲ್ಮನ್ ನೋಡಿಯೇ ಇಲ್ಲ," ಅಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ವೇಯ್ನ್ ನಕ್ಕರು, ಆಮೇಲೆ ಡಂಕನ್. ವಾರಗಟ್ಟಲೆ ಬಿಗಿದಿದ್ದ ಗಾಳಿ ಸಡಿಲವಾಯಿತು. ಡಂಕನ್ ಗುಂಡಿ ಒತ್ತಿದರು. ವೇಯ್ನ್ ಫೋನು ಕೈಗೆತ್ತಿಕೊಂಡು, ಹೆಬ್ಬೆರಳು ಗುಂಡಿಯ ಮೇಲಿಟ್ಟು, ಕಿಟಕಿಯಾಚೆ ನೀರು ನೋಡುತ್ತಾ, ಯಾರನ್ನೂ ಕೇಳದವರಂತೆ ಕೇಳಿದರು: "ಅಲ್ಲ, ಇಲ್ಲಿನ ಈ ಸಮುದ್ರದಲ್ಲಿ ಮೀನು ಚೆನ್ನಾಗಿ ಕಚ್ಚುವುದು ಬೆಳಿಗ್ಗೆಯೋ, ಸಂಜೆಯೋ?"

"ಸಂಜೆ," ಅಂದೆ. "ಅನುಮಾನವೇ ಬೇಡ ಸರ್, ಸಂಜೆಯೇ."

ವೇಯ್ನ್ ಮೇಜು ತಟ್ಟಿದರು. ತಾವೂ ಅದನ್ನೇ ಹೇಳುವುದು, ಈ ಡಂಕನ್ ಬೆಳಿಗ್ಗೆ ಅನ್ನುತ್ತಾರೆ, ಈಸ್ಟರ್ ಕಳೆದ ಶನಿವಾರ ಸಂಜೆಗೆ ದೋಣಿ ಗೊತ್ತುಮಾಡಿದ್ದೇವೆ, ನೀನೇ ಬಂದು ತೋರಿಸಿಕೊಡಬೇಕು, ರಜೆಯನ್ನು ಭಾನುವಾರದಿಂದ ಮಾಡುತ್ತೇನೆ, ಒಂದೇ ದಿನ ತಾನೇ, ತೊಂದರೆಯೇನೂ ಇಲ್ಲವಲ್ಲ ಎಂದರು. "ಏನೂ ತೊಂದರೆ ಇಲ್ಲ," ಎಂದಿತು ನನ್ನ ಬಾಯಿ. ಅವರು ಗುಂಡಿ ಒತ್ತಿದರು.

ಆ ಶನಿವಾರ ಸಂಜೆ ಊರಿನಲ್ಲಿ ಹುಡುಗಿಗೆ ತೆಂಗಿನ ಹಾಲು ಹಚ್ಚುವಾಗ ನಾನು ದೋಣಿಯಲ್ಲಿ ಲೈಫ್ ಜಾಕೆಟ್ ಕಟ್ಟಿಕೊಂಡು ಕೂತಿದ್ದೆ. ಒಂದು ಮೀನೂ ಕಚ್ಚಲಿಲ್ಲ. ಸಂಜೆಯೂ ಇಲ್ಲ, ಆಮೇಲೂ ಇಲ್ಲ. ದಡಕ್ಕೆ ಬಂದವನು ನೇರ ವಿಮಾನ ಹತ್ತಿ, ಭಾನುವಾರ ಬೆಳಿಗ್ಗೆ ಮೀನಿನ ದೋಣಿಯ ವಾಸನೆಯ ಸಮೇತ ಇಗರ್ಜಿಗೆ ಹೋಗಿ ಇಳಿದೆ. ಮದುಮಗಳು ನನ್ನನ್ನು ನೋಡಿ ನಕ್ಕಳು, ಆದರೆ ಆ ನಗು ಸ್ವಲ್ಪ ತಡವಾಗಿ ಬಂತು. ನನಗೆ ನಿಜವಾಗಿ ದುಃಖವಾಯಿತು.

ಊಟದ ಹೊತ್ತಿಗೆ ಜೆಸಿಂತಾ ಪಕ್ಕದಲ್ಲಿ ಬಂದು ಕೂತಳು. ಬಯ್ಯಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. "ನಿಮಗೆ ಗಾಳ ಹಾಕಲು ಬರುವುದಿಲ್ಲ. ಆ ಸಮುದ್ರದ ಮೀನಿನ ವಿಷಯ ಗೊತ್ತಿಲ್ಲ. ರಜೆ ಹೆಚ್ಚುಕಡಿಮೆ ಕೈಗೆ ಬಂದಾಗಿತ್ತು," ಅಂದಳು. "ಮತ್ತೆ ಯಾಕೆ ಬಾಯಿ ಹಾಕಿದ್ದು?"

ನಾನು ಎಲೆಯ ಮೇಲಿನ ಅನ್ನ ಕಲಸಿದೆ.

"ನನಗೆ ಗೊತ್ತಿಲ್ಲ," ಅಂದೆ.

ಅವಳು ನನ್ನ ಎಲೆಗೆ ಒಂದು ತುಂಡು ಮೀನು ಬಡಿಸಿದಳು. "ಆ ಸಾಲ್ಮನ್ ಮೀನನ್ನು ಕೇಳಿದರೂ ಇದನ್ನೇ ಹೇಳುತ್ತಿತ್ತು," ಎಂದಳು.